ಇಬ್ಬರು ನೀರು ಅಂದರು

ಮನೆಯಿಂದ, ಗುರುವಾರ ಸಂಜೆ

ಪ್ರೀತಿಯ ಅಣ್ಣನಿಗೆ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈ, ಬೈಯದೆ ಓದು. ಹಡಗಿನಲ್ಲಿ ಹೊಟ್ಟೆ ತೊಳಸುವುದು ನಿಂತಿತೇ? ಬೇರೆಯವರಿಗೆ ಬಡಿಸುವ ಗಡಿಬಿಡಿಯಲ್ಲಿ ನೀನು ಉಣ್ಣುವುದನ್ನು ಮರೆಯಬೇಡ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಜೋರಾಗಿದೆ.

ನನ್ನ ಕೆಲಸ ಏನೆಂದು ಕೇಳಿದ್ದೆ. ಉಪಗ್ರಹ ಮೇಲಿನಿಂದ ತೆಗೆದ ಫೋಟೋಗಳನ್ನು ಚೌಕ ಚೌಕವಾಗಿ ಕತ್ತರಿಸಿ ಕಂಪ್ಯೂಟರಿನಲ್ಲಿ ಕೊಡುತ್ತಾರೆ. ಮರಕ್ಕೆ ಹಸಿರು, ನೀರಿಗೆ ನೀಲಿ, ಮನೆಗೆ ಕೆಂಪು ಬಳಿಯಬೇಕು. ಓದು ಬೇಡ, ಕಣ್ಣು ಚುರುಕಿದ್ದರೆ ಸಾಕು. ಒಂದೇ ಚೌಕವನ್ನು ಮೂವರಿಗೆ ಕೊಡುತ್ತಾರೆ, ಇಬ್ಬರು ಹೇಳಿದ್ದೇ ಖಾಯಂ. ಹೋದ ತಿಂಗಳು ನನ್ನ ಪಾಲಿಗೆ ನಮ್ಮ ಕೆರೆಯಂಚೇ ಬಂತು, ಹೋದ ವರ್ಷ ತೆಗೆದ ಫೋಟೋ. ಪಕ್ಕದ ಎತ್ತರದ ಕಟ್ಟಡದ ನೆರಳು ಬಿದ್ದು ನಮ್ಮ ಸಾಲಿನ ಮನೆಗಳೆಲ್ಲ ಕೆರೆಯಷ್ಟೇ ಕಪ್ಪಗೆ ಕಾಣುತ್ತಿದ್ದವು. ನಾನು ಕೆಂಪು ಬಳಿದೆ. ಉಳಿದಿಬ್ಬರು ನೀಲಿ ಬಳಿದಿದ್ದರು. ಅವರನ್ನು ಬೈಯಲಾರೆ, ಗೊತ್ತಿಲ್ಲದಿದ್ದರೆ ನಾನೂ ಹಾಗೇ ಬಳಿಯುತ್ತಿದ್ದೆ.

ಆ ಚೌಕಗಳನ್ನು ಜೋಡಿಸಿ ಮಾಡಿದ ನಕ್ಷೆ ಹಿಡಿದು ಕೆರೆ ಇಲಾಖೆಯವರು ಬಂದರು. ಹೋದ ವರ್ಷ ಇಲ್ಲಿ ನೀರಿತ್ತಂತೆ, ನಾವು ಮಣ್ಣು ತುಂಬಿ ಮನೆ ಕಟ್ಟಿದ್ದೇವಂತೆ. ಅಜ್ಜಿ ಬಿಡುತ್ತಾಳೆಯೇ? "ಇಷ್ಟು ವರ್ಷ ಕೆರೆಯೊಳಗೇ ಇದ್ದೆ ಅಂದ್ರೆ, ಬೀದಿ ನಲ್ಲಿಯಿಂದ ಕೊಡ ಹೊತ್ತಿದ್ದು ಯಾಕಪ್ಪ?" ಎಂದಳು. ಅವರೂ ನಕ್ಕರು. ನಗುತ್ತಲೇ ಗೋಡೆಗೆ ಗುರುತು ಹಾಕಿ ಹೋದರು.

ಮೇಲಿನವರ ಎದುರು ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಆದರೂ ಧೈರ್ಯ ಮಾಡಿ ಮೇಲ್ವಿಚಾರಕರ ಮೇಜಿನ ಹತ್ತಿರ ನಿಂತೆ. ಅದು ನೀರಲ್ಲ, ನೆರಳು ಎಂದೆ. ಚೌಕ ತೆರೆಯುತ್ತಾ, ಹೇಗೆ ಗೊತ್ತು ಎಂದರು. ನಮ್ಮ ಮನೆ ಎಂದುಬಿಟ್ಟೆ. ಅವರ ಕೈ ಅಲ್ಲೇ ನಿಂತಿತು. "ಅದನ್ನ ಯಾಕಮ್ಮ ಹೇಳಿದೆ? ಸ್ವಂತ ಮನೆ ಅಂದ್ಮೇಲೆ ನೀನು ಹಾಕಿದ ಬಣ್ಣ ಲೆಕ್ಕಕ್ಕೇ ಬರಲ್ಲ." ಕೆಟ್ಟವರಲ್ಲ ಅಣ್ಣ, ಕೂರಿಸಿ ಕುಡಿಯಲು ನೀರು ಕೊಟ್ಟರು. ಆಮೇಲೆ ನನ್ನ ಕೆಂಪನ್ನು ಅಳಿಸಿ ಚೌಕವನ್ನು ಬೇರೊಬ್ಬಳಿಗೆ ಕೊಟ್ಟರು. ಅವಳೂ ನೀಲಿ ಬಳಿದಳು. ನಾನು ಸುಮ್ಮನಿದ್ದಿದ್ದರೆ ಮೂರರಲ್ಲಿ ಒಂದಾದರೂ ಉಳಿಯುತ್ತಿತ್ತು. ಈಗ ಪರದೆಯಲ್ಲಿ ಎಲ್ಲಿ ಕಪ್ಪು ಕಂಡರೂ ಕೈ ಓಡುವುದಿಲ್ಲ, ಅದರ ಕೆಳಗೆ ಯಾರದ್ದೋ ಒಲೆ ಉರಿಯುತ್ತಿದೆ ಅನ್ನಿಸುತ್ತದೆ.

ಮೈ ಹುಷಾರಾಗಿ ನೋಡಿಕೋ. ಅಜ್ಜಿಯ ಆಶೀರ್ವಾದ ಇದ್ದೇ ಇದೆ.

ನಿನ್ನ ಮೂಗಿ

ವಿ.ಸೂ.: ಸೋಮವಾರ ಒಡೆಯುತ್ತಾರೆ. ಅಜ್ಜಿಗೆ ಹೇಳಿಲ್ಲ. ಮೊಮ್ಮಗಳು ಅಲ್ಲೇ ಕೆಲಸಕ್ಕಿದ್ದಾಳೆ, ಸರಿ ಮಾಡಿಸುತ್ತಾಳೆ ಎಂದು ಸಾಲಿನವರಿಗೆಲ್ಲ ಧೈರ್ಯ ಹೇಳುತ್ತಿದ್ದಾಳೆ. ಇನ್ನು ಈ ವಿಳಾಸಕ್ಕೆ ಬರೆಯಬೇಡ, ಅತ್ತೆಯ ಮನೆಗೆ ಬರೆ. ಇವತ್ತು ಬೆಳಿಗ್ಗೆ ಅಜ್ಜಿ ಏಳುವ ಮೊದಲು ಹಿತ್ತಲ ಬಾಗಿಲಿನ ಚಿಲಕ ಬಿಚ್ಚಿ, ತುಕ್ಕು ಹಿಡಿಯದಿರಲೆಂದು ಎಣ್ಣೆ ಹಚ್ಚಿ, ಜೊತೆಗೆ ಒಯ್ಯಲು ನಿನ್ನ ಹಳೇ ಅಂಗಿಯಲ್ಲಿ ಸುತ್ತಿಟ್ಟೆ.