ಸ್ವರವಿಲ್ಲದ ಪದ

ಮನೆಯಿಂದ, ಮಂಗಳವಾರ, ಊಟವಾದ ಕೂಡಲೇ

ಪ್ರೀತಿಯ ಇಂಜಿನ್ ರೂಮಿನ ಯಜಮಾನಿ ಮಗಳೇ,

ಮೊನ್ನೆ ಮಾತಿನ ಮಧ್ಯೆ ನಿನ್ನ ಹಡಗಿನ ಫೋನು ಕಟ್ಟಾಯಿತು ನೋಡು, ಡಾಕ್ಟರಮ್ಮನ ಕಥೆ ನನ್ನ ಬಾಯಲ್ಲೇ ಉಳಿಯಿತು. ಅದಿರಲಿ, ನೀನು ಹೇಗಿದ್ದೀಯ? ಹೊಟ್ಟೆ ತೊಳಸುವುದು ನಿಂತಿತೆ? ಆ ಯಂತ್ರಗಳ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಕೆಲಸ ಮಾಡು. ನನ್ನ ಮಾತು ಕೇಳುವುದಕ್ಕಾದರೂ ಕಿವಿ ಬೇಕಲ್ಲ.

ನಾನು ನಿದ್ದೆಯಲ್ಲಿ ಕೂಗಿ ಮಂಚದ ಪಕ್ಕದ ಸ್ಟೂಲಿಗೆ ಒದ್ದದ್ದನ್ನು ನಿನ್ನ ಅತ್ತಿಗೆ ಹೇಳಿದ್ದೇ ತಡ, ಕೆಲಸ ಬಿಟ್ಟು ಬರುತ್ತೇನೆ ಎಂದು ಕುಣಿದೆಯಲ್ಲ. ಆಮೇಲೆ ಡಾಕ್ಟರಮ್ಮ ನನ್ನ ಮಣಿಕಟ್ಟಿಗೆ ಗಡಿಯಾರದಂಥ ಪಟ್ಟಿಯೊಂದನ್ನು ಕಟ್ಟಿದರು. ಅದು ಗಂಟೆ ತೋರಿಸುವುದಿಲ್ಲ. ಯಾವಾಗ ಅಲ್ಲಾಡಿದೆ, ಯಾವಾಗ ಸುಮ್ಮನಿದ್ದೆ ಎಂದು ಚಾಡಿ ಹೇಳುತ್ತದೆ. ಕೊನೆಗೆ ಅದರ ಗೆರೆಗಳನ್ನು ನೋಡಿ, "ನಿಮ್ಮ ರಿದಮ್ ತಪ್ಪಿದೆ ಯಜಮಾನ್ರೇ" ಅಂದರು. ನನಗೆ ರೇಗಿಹೋಯಿತು. ಕೂದಲು ಹಣ್ಣಾಗುವವರೆಗೆ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವನಿಗೆ ಹೇಳುವ ಮಾತೇ ಇದು? "ಕೈ ನಡುಗುತ್ತೆ, ಒಪ್ಪಿದೆ. ತಾಳ ತಪ್ಪಿಲ್ಲ ಡಾಕ್ಟ್ರೇ!" ಎಂದು ಅವರ ಮೇಜಿನ ಮೇಲೆಯೇ ಬಾರಿಸಿ ತೋರಿಸಿದೆ. ಅವರು ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು. ತಪ್ಪಿದ್ದು ಕೈಯ ತಾಳವಲ್ಲವಂತೆ, ಹಗಲು-ರಾತ್ರಿಯದಂತೆ. ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಕೆ, ರಾತ್ರಿಯೆಲ್ಲ ಹೊರಳಾಟ. ಪಾರ್ಕಿನ್ಸನ್ ಬಂದವರಲ್ಲಿ ಅನೇಕರಿಗೆ ಹೀಗಾಗುತ್ತದಂತೆ.

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ರಿದಮ್ ಪದದ ಸ್ಪೆಲಿಂಗಿನಲ್ಲಿ ಎ, ಇ, ಐ, ಓ, ಯು ಒಂದೂ ಇಲ್ಲ, ಸ್ವರವೇ ಇಲ್ಲದ ಪದ ಅನ್ನುತ್ತಿದ್ದರು. ಸ್ವರವಿಲ್ಲದಿದ್ದರೇನು, ಡ್ರಮ್ಮಿಗೂ ಇಲ್ಲ, ತಾಳವಿದ್ದರೆ ಸಾಕು ಎಂದು ಆಗ ನಾನು ಕೊಟ್ಟ ಉತ್ತರಕ್ಕೆ ಇಡೀ ಪೀರಿಯಡ್ಡು ಹೊರಗೆ ನಿಂತಿದ್ದೆ. ನಿಮ್ಮಮ್ಮನ ಕಣ್ಣಿಗೆ ನಾನು ಬಿದ್ದದ್ದೇ ಆ ವರಾಂಡದಲ್ಲಿ. ಇರಲಿ, ಎಲ್ಲಿಗೋ ಹೋದೆ.

ಈಗ ಬೆಳಿಗ್ಗೆ ಬಿಸಿಲಲ್ಲಿ ನಡಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ, ಊಟದ ಮೇಲೆ ಕಣ್ಣು ಮುಚ್ಚುವಂತಿಲ್ಲ. ಮುಚ್ಚಿದರೆ ನಿನ್ನ ಅತ್ತಿಗೆ, "ಮಾವ, ತಟ್ಟೆ ಬಡೀಲಾ?" ಅನ್ನುತ್ತಾಳೆ. ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡರೆ ನಿಜವಾಗಿಯೂ ಬಡಿಯುತ್ತಾಳೆ; ಆ ತಾಳಕ್ಕೆ ಕಾಲು ಮೆರವಣಿಗೆ ಹೊರಟಂತೆ ಏಳುತ್ತದೆ! ಅವಳ ತಾಳ ಮಾತ್ರ ದೇವರಿಗೇ ಪ್ರೀತಿ. ಕೈನಡುಕ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಸ್ಟೂಲು ಈಚೆಗೆ ಒದೆ ತಿಂದಿಲ್ಲ.

ಅರೆ, ಕಿಟಕಿಯ ಬೆಳಕು ಇಳಿಯುತ್ತಿದೆ! ಅಕ್ಷರಗಳು ಇರುವೆಯಷ್ಟಾಗಿವೆ, ನಿಧಾನವಾಗಿ ಓದು. ಊಟದ ಮೇಲೆ ಕುಳಿತವನು ಇಷ್ಟು ಹೊತ್ತೂ ಒಮ್ಮೆಯೂ ತೂಕಡಿಸಿಲ್ಲ ಮಗಳೇ. ಸಾಕ್ಷಿ ನಿನ್ನ ಕೈಯಲ್ಲೇ ಇದೆ.

ನೀರಿನ ಮೇಲಿದ್ದರೂ ನಿನ್ನ ನೆಲೆ ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ಡ್ರಮ್ ಮೇಷ್ಟ್ರು

ಮರೆತೇಬಿಟ್ಟಿದ್ದೆ: ರಿಸೈನ್ ಅಂದರೆ ಕೆಲಸ ಬಿಡುವುದು. ರಿ-ಸೈನ್ ಅಂದರೆ ಮತ್ತೆ ಸಹಿ ಹಾಕುವುದು. ಹಡಗಿನ ಕರಾರು ಮುಂದೆ ಬಂದಾಗ ನೀನು ಎರಡನೆಯದನ್ನು ಮಾಡು.