ಡೆಲ್ಮಾಳ ಅಜ್ಜಿಯ ರೆಸಿಪಿ

ಮೈದಾನ್ ಹವಲ್ಲಿ, ಕುವೈತ್
೧೬ ಜುಲೈ ೨೦೦೭

ಪ್ರೀತಿಯ ಡೆಲ್ಮಾ,

ನೀನೂ ಮಕ್ಕಳೂ ಮಂಗಳೂರಿನಲ್ಲಿ ಸುಖವಾಗಿದ್ದೀರೆಂದು ನಿನ್ನ ಅತ್ತೆ ಹೇಳಿದರು. ನೀನು ರಜೆ ಮುಗಿಸಿ ಬರುವ ಮೊದಲು ಇಲ್ಲಿ ನಡೆದದ್ದನ್ನು ನಾನೇ ತಿಳಿಸಬೇಕು.

ಅಮ್ಮ ತೀರಿಕೊಂಡಾಗ ನನ್ನ ಪಾಸ್‌ಪೋರ್ಟ್ ಇಲ್ಲಿನ ವಾಸದ ಪರವಾನಗಿ ಇಕಾಮಾದ ನವೀಕರಣಕ್ಕೆ ಹೋಗಿತ್ತು, ಮಣ್ಣಿಗೆ ಹೋಗಲಾಗಲಿಲ್ಲ ಎಂಬುದು ನಿನಗೆ ಗೊತ್ತು. ಆ ವಾರ ನಮ್ಮ ಆಸ್ಪತ್ರೆ ವಾರ್ಡಿನ ಪೋರ್ಚುಗೀಸ್ ನರ್ಸ್ ಇಸಬೆಲ್ ದಿನವೂ ಬಂದಳು. ಸಮಾಧಾನ ಹೇಳಲು ಬಾರದೆ, ಹಿಟ್ಟು ಕಲಸಿಟ್ಟು ನಾದು ಎಂದಳು. ಬೆಣ್ಣೆ ಸವರಿ ಮಡಚಿ, ಲಟ್ಟಿಸಿ, ಸುರುಳಿ ಸುತ್ತಿ ಕತ್ತರಿಸಿ, ಒದ್ದೆ ಹೆಬ್ಬೆರಳಿನಿಂದ ಅಚ್ಚಿಗೆ ಒತ್ತಬೇಕು. ಮೊಟ್ಟೆಯ ಹಳದಿ, ಹಾಲು, ಸಕ್ಕರೆ ಪಾಕದ ಕಸ್ಟರ್ಡ್ ಸುರಿದು, ಮೇಲೆ ಕಪ್ಪು ಕಲೆ ಏಳುವವರೆಗೆ ಬೇಯಿಸಬೇಕು. ಅಮ್ಮನಿಗಾಗಿ ನಾನು ಅತ್ತದ್ದು ಆ ಒವನ್ನಿನ ಮುಂದೆ. ಇದನ್ನೆಲ್ಲ ನಿನಗೆ ಹೇಳಿಯೇ ನಾನು ಪೋರ್ಚುಗೀಸರ ಆ ಕಸ್ಟರ್ಡ್ ತಿಂಡಿ, ಪಾಶ್ತೆಲ್ ದೆ ನಾತಾ, ಕಲಿಸಿದ್ದು.

ಈಸ್ಟರ್ ದಿನ ನಿನ್ನ ಮನೆಯಲ್ಲಿ ಅದನ್ನು ಬಡಿಸುತ್ತ ಎಲ್ಲರ ಎದುರು ನೀನು, "ಇದು ನನ್ನ ಅಜ್ಜಿಯ ರೆಸಿಪಿ" ಎಂದೆ. ನನ್ನತ್ತ ತೋರಿಸಿ, ಜೂಲಿಯಾನಾ ಕೂಡ ಮಾಡುತ್ತಾಳಲ್ಲ ಎಂದು ಫ್ರೀಡಾ ಕೇಳಿದ್ದಕ್ಕೆ ನೀನು, "ಅವಳಿಗೆ ನಾನೇ ಹೇಳಿಕೊಟ್ಟದ್ದು ಮಾರಾಯ್ತಿ, ಅವಳದ್ದು ಇನ್ನೂ ಸ್ವಲ್ಪ ಗಟ್ಟಿಯಾಗ್ತದೆ" ಎಂದೆ. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕು, ತಟ್ಟೆ ಖಾಲಿ ಮಾಡಿ ಮನೆಗೆ ಬಂದೆ.

ಮೂರು ತಿಂಗಳು ಕಾದೆ. ಕಳೆದ ಶುಕ್ರವಾರ, ಅಂದು ನಕ್ಕ ಹದಿನಾಲ್ಕು ಜನರನ್ನೂ ಮನೆಗೆ ಕರೆದೆ. ಇಸಬೆಲ್ ಜತೆ ನಾನು ಹಿಟ್ಟು ನಾದುತ್ತಿರುವ ಫೋಟೋ ತೋರಿಸಿದೆ. ಮೂಲೆಯಲ್ಲಿದ್ದ ತಾರೀಕನ್ನು ಫ್ರೀಡಾ ಗಟ್ಟಿಯಾಗಿ ಓದಿದಳು. ನೀನು ಮದುವೆಯಾಗಿ ಕುವೈತಿಗೆ ಬರುವುದಕ್ಕೆ ಎರಡು ವರ್ಷ ಮೊದಲಿನದು. ನಿನ್ನ ಅತ್ತೆಯೂ ಅಲ್ಲಿದ್ದರು. "ಸಂಬಂಧ ನೋಡ್ಲಿಕ್ಕೆ ಹೋದಾಗ ಆ ಅಜ್ಜಿಯ ಅಡಿಗೆಮನೆ ಕಂಡಿದ್ದೇನೆ. ಒವನ್ ಎಲ್ಲಿತ್ತು ಅಲ್ಲಿ?" ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ತೃಪ್ತಿಯಾಗುತ್ತಿರಲಿಲ್ಲ.

ಆಮೇಲೆ ಒಂದನ್ನೂ ಬಚ್ಚಿಡದೆ ಎಲ್ಲರಿಗೂ ಕಲಿಸಿದೆ. ಇನ್ನು ನೀನು ತಟ್ಟೆ ಹಿಡಿದು ಯಾರ ಬಾಗಿಲಿಗೆ ಹೋದರೂ, ಅವರೇ ನಿನ್ನ ಕೈಗೆ ಒಂದನ್ನಿಟ್ಟು ಇಸಬೆಲ್ ಹೆಸರು ಹೇಳುತ್ತಾರೆ.

ಮಕ್ಕಳಿಗೆ ನನ್ನ ಮುತ್ತು.

ನಿನ್ನ,
ಜೂಲಿಯಾನಾ

ಮರೆತ ಮಾತು: ಇದನ್ನು ಯಾರಿಗೂ ಕಲಿಸುವುದಿಲ್ಲವೆಂದು ಇಸಬೆಲ್ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ನಿನ್ನ ಮೇಲಿನ ಪ್ರೀತಿಗೆ ಒಮ್ಮೆ ಮುರಿದೆ, ಸಿಟ್ಟಿಗೆ ಹದಿನಾಲ್ಕು ಸಲ. ಸಿಟ್ಟಿನಲ್ಲಿ ಮುರಿದಾಗಲೇ ಹೆಚ್ಚು ಸುಖವಾಯಿತು. ಅದನ್ನು ಪಾದ್ರಿಗಳ ಮುಂದೆ ಇನ್ನೂ ಹೇಳಿಲ್ಲ.