ಕೆಂಪು ಚೀಟಿ ಅಂಟಿದ ಬಾಗಿಲು

ಕೊಟ್ಟೂರು, ಗುರುವಾರ

ಅತ್ತಿಗೆಗೆ ನಿರಂಜನನ ನಮಸ್ಕಾರ.

ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಈ ಊರಿನ ಒಂದು ವಾರ್ಡಿಗೆ ಇಳಿಸಲು ಬಂದ ತಜ್ಞ ನಾನೇ, ನಗಬೇಡಿ. ಹಸಿಕಸಕ್ಕೆ ಹಸಿರು ಬಕೆಟ್, ಒಣಕಸಕ್ಕೆ ನೀಲಿ ಬಕೆಟ್ ಎಂದು ಮನೆಮನೆಗೆ ಹಂಚಿದೆ. ನಾನು ಬಾಡಿಗೆಗಿರುವ ಮನೆಯ ಒಡತಿ ಕೊಟ್ರಬಸಮ್ಮನವರ ಹಸಿರು ಬಕೆಟ್ ಮಾತ್ರ ಹತ್ತು ದಿನವಾದರೂ ಕಸದ ಗಾಡಿಗೆ ಬರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಅದರಲ್ಲಿ ಕುರಿಮರಿಗಳು ನೀರು ಕುಡಿಯುತ್ತಿದ್ದವು! ಅರ್ಧ ಗಂಟೆ ಭಾಷಣ ಬಿಗಿದು, ಅವರ ಬಾಗಿಲಿಗೆ ‘ಕಸ ವಿಂಗಡಿಸದ ಮನೆ’ ಎಂಬ ಕೆಂಪು ಚೀಟಿ ಅಂಟಿಸಿದೆ.

ಎಲ್ಲ ಕೇಳಿಸಿಕೊಂಡು ಅವರು ಅಂದರು: “ಸಿಪ್ಪಿ, ಮುಸುರಿ ಎಲ್ಲಾ ಕುರಿಗೆ ಹಾಕ್ತೀವ್ರಿ. ಉಳಿದ್ರ ತಾನೇ ಕಸ ಆಗೂದು? ನಿಮ್ಮ ಕಸದ ಚೀಲ ಒಂದೀಟು ಬಿಚ್ಚಿ ತೋರಿಸ್ರಿ.”

ಬಿಚ್ಚಿದೆ. ಸಾಂಬಾರಿನ ಪ್ಲಾಸ್ಟಿಕ್ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ, ಹಳೇ ಬ್ಯಾಟರಿ, ನಾನೇ ಅಚ್ಚು ಹಾಕಿಸಿದ ಕರಪತ್ರದಲ್ಲಿ ಸುತ್ತಿಟ್ಟ ಅರ್ಧ ಮೆಣಸಿನಕಾಯಿ ಬಜ್ಜಿ, ಎಲ್ಲ ಒಂದಾಗಿ ನಾರುತ್ತಿದ್ದವು. ಅವರು ಚೀಟಿಯನ್ನು ಹರಿಯದಂತೆ ಕಿತ್ತು, ಅನ್ನದ ಅಗುಳು ಮೆತ್ತಿ ನನ್ನ ಕೋಣೆಯ ಬಾಗಿಲಿಗೆ ಅಂಟಿಸಿದರು. ಮಿಕ್ಕ ಅಗುಳನ್ನು ಕುರಿಗೆ ಹಾಕಿದರು.

ನೀವು ಕೇಳಿದ್ದಿರಲ್ಲ, ಹೊಟ್ಟೆ ಸರಿಯಿದೆ, ಬಜ್ಜಿ ಕಡಿಮೆ ಮಾಡಿದ್ದೇನೆ. ವರದಿಗೆ ಕೆಂಪು ಚೀಟಿ ಅಂಟಿಸಿದ ಮನೆಯ ಫೋಟೋ ಬೇಕೆಂದು ಕಚೇರಿಯಿಂದ ಫೋನ್ ಬಂತು. ಇಡೀ ವಾರ್ಡಿನಲ್ಲಿ ಕೆಂಪು ಚೀಟಿಯ ಬಾಗಿಲು ಒಂದೇ. ಅದರ ಮುಂದೆ ನಾನು ನಿಂತೆ, ಕೊಟ್ರಬಸಮ್ಮ ಫೋಟೋ ತೆಗೆದರು.

ಕಸದ ಗಾಡಿ ಬಂತು. ನನ್ನ ಬಕೆಟ್ ತಪಾಸಣೆಗೆ ಕೊಟ್ರಬಸಮ್ಮ ಬಾಗಿಲಲ್ಲೇ ನಿಂತಿದ್ದಾರೆ.

ನಿಮ್ಮ ಮೈದುನ